ನಾಲ್ಕು ಸಾಲು, ಎರಡು ಕರ್ನಲ್: ಆಂಡ್ರಾಯ್ಡ್ ವೇಕ್‌ಲಾಕ್ ಪ್ರಕರಣ

ಬೆಂಗಳೂರಿನ ಒಂದು ಕಂಪನಿಯಲ್ಲಿ ನಾನು ಫೋನ್‌ಗಳಿಗೆ ಡ್ರೈವರ್, ಅಂದರೆ ಒಂದೊಂದು ಚಿಪ್ ಓಡಿಸುವ ಕೋಡ್, ಬರೆಯುತ್ತಿದ್ದ ದಿನಗಳವು. ಒಂದು ಕೀಪ್ಯಾಡ್ ಚಿಪ್‌ಗೆ ಬರೆದ ಡ್ರೈವರ್ ಆಂಡ್ರಾಯ್ಡ್ ಫೋನ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. ಆಂಡ್ರಾಯ್ಡ್‌ನ ತಳದಲ್ಲಿರುವುದು ಲಿನಕ್ಸ್ ಕರ್ನಲ್, ಅಂದರೆ ಹಾರ್ಡ್‌ವೇರ್ ನಡೆಸುವ ತಿರುಳು ಕೋಡ್; ಗೂಗಲ್ ಅದರದೊಂದು ಪ್ರತಿಯನ್ನು ತಿದ್ದಿ ಬಳಸುತ್ತಿತ್ತು. ನನ್ನ ಡ್ರೈವರನ್ನು ಲಿನಕ್ಸ್‌ನ ಮೂಲ ಕರ್ನಲ್‌ಗೇ ಸೇರಿಸಿಬಿಟ್ಟರೆ ಒಳ್ಳೆಯದಲ್ವಾ ಅನ್ನಿಸಿತು. ಅದೇ ಚಿಪ್ ಬಳಸುವ ಬೇರೆಯವರಿಗೂ ಸಿಗುತ್ತದೆ. ಹೊಸ ಕರ್ನಲ್ ಬಂದಾಗಲೆಲ್ಲ ಕೂತು ಹೊಂದಿಸುವ ಕೆಲಸ ನಮಗೂ ತಪ್ಪುತ್ತದೆ. ಮೂಲ ಕರ್ನಲ್ ಇಳಿಸಿಕೊಂಡೆ, ನನ್ನ ಫೈಲ್ ಹಾಕಿದೆ, ಬಿಲ್ಡ್ ಕೊಟ್ಟೆ. ಮೊದಲ ಎರರ್‌ಗೇ ನಿಂತಿತು. ವೇಕ್‌ಲಾಕ್ ಎಂಬ ಹೆಡರ್ ಫೈಲ್ ಸಿಗುತ್ತಿಲ್ಲ ಅಂತ.

ಸಿಗುವುದಾದರೂ ಹೇಗೆ? ಆ ಫೈಲ್ ಇದ್ದದ್ದು ಗೂಗಲ್‌ನ ಕರ್ನಲ್‌ನಲ್ಲಿ ಮಾತ್ರ. ನನ್ನ ಡ್ರೈವರ್‌ನಲ್ಲಿ ವೇಕ್‌ಲಾಕ್ ಬಳಸಿದ್ದು ಒಟ್ಟು ನಾಲ್ಕು ಸಾಲು. ಹುಟ್ಟಿಸಲು ಒಂದು, ಹಿಡಿಯಲು ಒಂದು, ಬಿಡಲು ಒಂದು, ಅಳಿಸಲು ಒಂದು. ಆ ನಾಲ್ಕನ್ನು ಕಿತ್ತರೆ ಮೂಲ ಕರ್ನಲ್‌ನಲ್ಲಿ ಬಿಲ್ಡ್ ಆಗುತ್ತದೆ, ಆದರೆ ನಮ್ಮ ಫೋನ್‌ನಲ್ಲಿ ಒತ್ತಿದ ಕೀ ಆಗೊಮ್ಮೆ ಈಗೊಮ್ಮೆ ಕಳೆದುಹೋಗುತ್ತದೆ. ಉಳಿಸಿಕೊಂಡರೆ ಫೋನ್ ಸರಿ ಇರುತ್ತದೆ, ಮೂಲ ಕರ್ನಲ್‌ನ ಬಾಗಿಲು ಮುಚ್ಚುತ್ತದೆ. ಕೊನೆಗೆ ಎರಡು ಪ್ರತಿ ಇಟ್ಟುಕೊಂಡೆ. ಒಂದರಲ್ಲಿ ಬಗ್ ಸರಿಮಾಡಿದರೆ ಇನ್ನೊಂದರಲ್ಲೂ ಮಾಡಬೇಕು. ಕೆಲವು ತಿಂಗಳು ಮಾಡಿದೆ. ಆಮೇಲೆ ಕೆಲಸದ ಒತ್ತಡದಲ್ಲಿ ಬಿಟ್ಟುಹೋಯಿತು. ವರ್ಷ ಕಳೆಯುವಷ್ಟರಲ್ಲಿ ಅವು ಎರಡು ಬೇರೆ ಡ್ರೈವರ್‌ಗಳೇ ಆಗಿಬಿಟ್ಟಿದ್ದವು.

ಫೋರ್ಕ್, ಅಂದರೆ ಒಂದು ಕೋಡ್ ಕವಲೊಡೆದು ಬೇರೆಯಾಗುವುದು, ಅಂದ ಕೂಡಲೇ ಜಗಳ, ಹೊಸ ಹೆಸರು, ಹೊಸ ಲೋಗೋ ಕಣ್ಮುಂದೆ ಬರುತ್ತದೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ನಾವು ಬೇರೆಯಾಗುತ್ತಿದ್ದೇವೆ ಅಂತ ಯಾರೂ ಹೇಳಲಿಲ್ಲ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಲಿನಕ್ಸ್ ವರ್ಷಗಟ್ಟಲೆ ಮೂಲ ಲಿನಕ್ಸ್‌ನಿಂದ ದೂರ ನಿಂತಿತ್ತು. ನನ್ನ ನಾಲ್ಕು ಸಾಲು ಅದರ ಒಂದು ಸಣ್ಣ ಚೂರು ಅಷ್ಟೇ.

ಮಲಗುವುದೇ ರೂಢಿ

ಮೊದಲು ವೇಕ್‌ಲಾಕ್ ಏನು ಮಾಡುತ್ತದೆ ಅಂತ ನೋಡೋಣ. ಇದು ಗೊತ್ತಾಗದೆ ಮುಂದಿನ ವಾದ ಅರ್ಥವಾಗುವುದಿಲ್ಲ.

ಲ್ಯಾಪ್‌ಟಾಪ್ ಮಲಗುವುದು ನಾವು ಮುಚ್ಚಳ ಮುಚ್ಚಿದಾಗ. ಎದ್ದಿರುವುದು ಅದರ ರೂಢಿ. ಆಂಡ್ರಾಯ್ಡ್ ತಂಡ ಇದನ್ನು ತಿರುಗಿಸಿತು. ಫೋನ್‌ಗೆ ಮಲಗುವುದೇ ರೂಢಿ, ಎದ್ದಿರಲು ಕಾರಣ ಬೇಕು. ಇಡೀ ಸಿಸ್ಟಮ್ ಸದಾ ಮಲಗಲು ನೋಡುತ್ತಿರುತ್ತದೆ. ಯಾರಾದರೂ 'ಒಂದು ನಿಮಿಷ ತಾಳು, ನನ್ನ ಕೆಲಸ ಮುಗಿದಿಲ್ಲ' ಅಂದರೆ ಮಾತ್ರ ನಿಲ್ಲುತ್ತದೆ. ಹಾಗೆ ಹೇಳುವ ಚೀಟಿಯೇ ವೇಕ್‌ಲಾಕ್. ಎಲ್ಲರೂ ಚೀಟಿ ವಾಪಸ್ ಕೊಟ್ಟ ಕ್ಷಣವೇ ಮಲಗಿಬಿಡುತ್ತದೆ. 2008ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನ್, ಅಂದರೆ ಎಚ್‌ಟಿಸಿ ತಯಾರಿಸಿದ ಟಿ-ಮೊಬೈಲ್ ಜಿ1, ಹೀಗೇ ನಡೆಯುತ್ತಿತ್ತು.

ಒಂದು ಕೀ ಒತ್ತಿದಾಗ ಏನಾಗುತ್ತದೆ ನೋಡಿ. ಫೋನ್ ಮಲಗಿದೆ. ನೀವು ಕೀ ಒತ್ತುತ್ತೀರಿ. ಇಂಟರಪ್ಟ್, ಅಂದರೆ ಚಿಪ್‌ನಿಂದ ಕರೆ, ಬರುತ್ತದೆ, ಪ್ರೊಸೆಸರ್ ಏಳುತ್ತದೆ. ಡ್ರೈವರ್ ತಕ್ಷಣ ಒಂದು ಚೀಟಿ ಹಿಡಿಯುತ್ತದೆ. ಯಾವ ಕೀ ಅಂತ ಓದಿ ಆ ಸುದ್ದಿಯನ್ನು ಕರ್ನಲ್‌ನ ಇನ್‌ಪುಟ್ ಸರದಿಗೆ ಹಾಕುತ್ತದೆ. ಸರದಿಯಲ್ಲಿ ಸುದ್ದಿ ಇರುವ ತನಕ ಇನ್ನೊಂದು ಚೀಟಿ. ಮೇಲಿನ ಆಂಡ್ರಾಯ್ಡ್ ಪ್ರೋಗ್ರಾಂ ಬಂದು, ಮೊದಲು ತನ್ನ ಚೀಟಿ ಹಿಡಿದುಕೊಂಡು, ಆಮೇಲೆ ಸುದ್ದಿ ಎತ್ತಿಕೊಳ್ಳುತ್ತದೆ. ಆಗ ಕೆಳಗಿನವರು ತಮ್ಮ ಚೀಟಿ ಬಿಡುತ್ತಾರೆ. ಸ್ಕ್ರೀನ್ ಹತ್ತಿಕೊಳ್ಳುತ್ತದೆ. ಬೆಂಕಿ ಬಿದ್ದಾಗ ಬಾವಿಯಿಂದ ಮನೆ ತನಕ ಸಾಲಾಗಿ ನಿಂತು ಕೊಡ ದಾಟಿಸುತ್ತಾರಲ್ಲ, ಹಾಗೆ. ಮುಂದಿನವನು ಹಿಡಿಯುವ ತನಕ ಹಿಂದಿನವನು ಕೈ ಬಿಡುವಂತಿಲ್ಲ.

ಕೈ ಬಿಟ್ಟರೆ? ಸುದ್ದಿ ಸರದಿಯಲ್ಲೇ ಇರುತ್ತದೆ, ಓದುವವನು ಬರುವ ಮೊದಲೇ ಫೋನ್ ಮತ್ತೆ ಮಲಗಿರುತ್ತದೆ. ನೀವು ಇನ್ನೊಂದು ಸಲ ಒತ್ತುತ್ತೀರಿ. ಕೀ ಆದರೆ ಸರಿ ಹೋಯಿತು. ಅದು ಆಸ್ಪತ್ರೆಯಿಂದ ಬಂದ ಕಾಲ್ ಆಗಿದ್ದರೆ, ಬೆಳಗಿನ ಬಸ್ಸಿಗೆ ಇಟ್ಟ ಅಲಾರಂ ಆಗಿದ್ದರೆ? ಗೂಗಲ್ ಎಂಜಿನಿಯರ್‌ಗಳು ಸುಮ್ನೆ ಏನೋ ಹೊಸದು ಮಾಡಬೇಕು ಅಂತ ಇದನ್ನು ಮಾಡಿದ್ದಲ್ಲ. ತೊಂದರೆ ನಿಜವಾಗಿತ್ತು.

ಕೋಡ್ ತೆರೆದಿತ್ತು, ದಾರಿ ಮುಚ್ಚಿತ್ತು

ಈ ಪ್ರಕರಣದಲ್ಲಿ ಯಾರೂ ಕೋಡ್ ಬಚ್ಚಿಟ್ಟಿರಲಿಲ್ಲ. ಗೂಗಲ್ ತನ್ನ ಕರ್ನಲ್ ಬದಲಾವಣೆಗಳನ್ನು ಎಲ್ಲರಿಗೂ ಕಾಣುವಂತೆ ಗಿಟ್‌ನಲ್ಲಿ, ಅಂದರೆ ಕೋಡ್ ಬದಲಾವಣೆಗಳ ಕಣಜದಲ್ಲಿ, ಇಟ್ಟಿತ್ತು. ಲಿನಕ್ಸ್‌ನ ಜಿಪಿಎಲ್ ಲೈಸೆನ್ಸ್ ಕೇಳುವುದು ಅಷ್ಟನ್ನೇ. ಆದರೆ ಅಂಗಳದಲ್ಲಿ ಬುಟ್ಟಿ ಇಟ್ಟು 'ಬೇಕಾದವರು ತಗೊಳ್ಳಿ' ಅನ್ನುವುದಕ್ಕೂ ಪಂಕ್ತಿಯಲ್ಲಿ ಕೂತು ಊಟ ಮಾಡುವುದಕ್ಕೂ ವ್ಯತ್ಯಾಸವಿದೆ. ಹಂಚಿಕೊಳ್ಳುವುದು ಅಂದರೆ ಎರಡನೆಯದು ಅಂತ ನಾನು ನಂಬಿದ್ದೇನೆ.

2009ರ ಮೊದಲ ತಿಂಗಳುಗಳಲ್ಲಿ ಗೂಗಲ್‌ನ ಆರ್ವೆ ಯೊನ್ನೆವೋಗ್ ವೇಕ್‌ಲಾಕ್ ಪ್ಯಾಚ್‌ಗಳನ್ನು, ಅಂದರೆ ಅದಕ್ಕೆ ಬೇಕಾದ ಕೋಡ್ ಬದಲಾವಣೆಗಳನ್ನು, ಕರ್ನಲ್ ಬಳಗದ ಮುಂದಿಟ್ಟರು. ಪ್ರಶ್ನೆಗಳ ಸುರಿಮಳೆ ಆಯಿತು. ಇದೇನು ಹೊಸ ಬಗೆಯ ಲಾಕ್? ಎಷ್ಟು ಡ್ರೈವರ್‌ಗಳಲ್ಲಿ ಇದನ್ನು ತುಂಬಬೇಕು? ಇರುವ ಪವರ್ ಮ್ಯಾನೇಜ್‌ಮೆಂಟ್ ಸಾಲದೇ? ಅಷ್ಟರಲ್ಲಿ ಬೈಂಡರ್ (ಪ್ರೋಗ್ರಾಂಗಳ ನಡುವೆ ಮಾತು ದಾಟಿಸುವುದು), ಲೋ ಮೆಮೊರಿ ಕಿಲ್ಲರ್ (ಮೆಮೊರಿ ಕಡಿಮೆಯಾದಾಗ ಪ್ರೋಗ್ರಾಂ ನಿಲ್ಲಿಸುವುದು) ಥರದ ಆಂಡ್ರಾಯ್ಡ್‌ನ ಬೇರೆ ತುಂಡುಗಳು ಗ್ರೆಗ್ ಕ್ರೋ-ಹಾರ್ಟ್‌ಮನ್ ನೋಡಿಕೊಳ್ಳುವ ಸ್ಟೇಜಿಂಗ್ ಜಾಗಕ್ಕೆ ಬಂದಿದ್ದವು. ಕರ್ನಲ್‌ನ 2.6.29 ಆವೃತ್ತಿಯಲ್ಲಿ ಸೇರಿದವು. ಸ್ಟೇಜಿಂಗ್ ಅಂದರೆ ಕರ್ನಲ್‌ನ ಜಗುಲಿ. ಕೋಡ್ ಇನ್ನೂ ಒಪ್ಪವಾಗಿಲ್ಲ, ಯಾರಾದರೂ ತಿದ್ದಿ ಒಳಗೆ ತರಲಿ ಅಂತ ಬಿಟ್ಟ ಜಾಗ.

ತಿದ್ದಲು ಯಾರೂ ಬರಲಿಲ್ಲ. ಗೂಗಲ್‌ನವರ ಕೆಲಸ ಅವರದೇ ಗಿಟ್‌ನಲ್ಲಿ ನಡೆಯುತ್ತಿತ್ತು. ಜಗುಲಿಯ ಪ್ರತಿ ಹಳತಾಗುತ್ತಾ ಬಂತು. 2010ರ ಫೆಬ್ರವರಿಯಲ್ಲಿ ಬಂದ 2.6.33ರಲ್ಲಿ ಗ್ರೆಗ್ ಅಷ್ಟನ್ನೂ ತೆಗೆದುಹಾಕಿದರು. ಯಾಕೆ ತೆಗೆದೆ ಅಂತ ಬಹಿರಂಗವಾಗಿ ಬರೆದರು ಕೂಡ. ನನ್ನ ಕೀಪ್ಯಾಡ್ ಕತೆಯ ಉತ್ತರ ಆ ಬರಹದಲ್ಲಿತ್ತು. ವೇಕ್‌ಲಾಕ್ ಮೂಲ ಕರ್ನಲ್‌ನಲ್ಲಿಲ್ಲ. ಹಾಗಾಗಿ ಅದನ್ನು ಬಳಸುವ ಯಾವ ಡ್ರೈವರೂ ಅಲ್ಲಿಗೆ ಹೋಗಲಾರದು. ಗೂಗಲ್‌ನದು ಮಾತ್ರವಲ್ಲ, ಆಂಡ್ರಾಯ್ಡ್‌ಗಾಗಿ ಚಿಪ್ ಕಂಪನಿಗಳು ಬರೆಯುವ ಡ್ರೈವರ್‌ಗಳೂ ಇಡೀ ಬೋರ್ಡ್‌ಗಳ ಕೋಡೂ ಅದೇ ಬಲೆಯಲ್ಲಿ ಸಿಕ್ಕಿಬಿದ್ದಿದ್ದವು.

ಇದನ್ನು ಓದಿದ ದಿನ ನನಗೆ ತುಂಬ ಬೇಜಾರಾಯಿತು. ಒಂದು ತುಂಡು ಹೊರಗೆ ಉಳಿದರೆ ಅದೊಂದೇ ಹೊರಗಿರುತ್ತದೆ ಅಂದುಕೊಂಡಿದ್ದೆ. ಅದಕ್ಕೆ ಕೈ ತಾಗಿಸಿದ್ದೆಲ್ಲ ಅದರ ಜತೆ ಹೊರಗೆ ಉಳಿಯುತ್ತದೆ ಅಂತ ತಿಳಿದದ್ದು ಆಗಲೇ.

ಎರಡೂ ಕಡೆ ನ್ಯಾಯವಿತ್ತು

2010ರ ಏಪ್ರಿಲ್–ಮೇ ಹೊತ್ತಿಗೆ ಗೂಗಲ್ ಮತ್ತೆ ಬಂತು. ವೇಕ್‌ಲಾಕ್‌ನ ಹೆಸರು ಸಸ್ಪೆಂಡ್ ಬ್ಲಾಕರ್ ಅಂತ ಬದಲಾಗಿತ್ತು. ಆರ್ವೆ ಟೀಕೆಗಳನ್ನು ಕೇಳಿ ಮತ್ತೆ ಮತ್ತೆ ತಿದ್ದಿ ಕಳಿಸಿದರು. ಚರ್ಚೆ ವಾರಗಟ್ಟಲೆ ನಡೆಯಿತು. ಕರ್ನಲ್‌ನ ಇತಿಹಾಸದಲ್ಲಿ ಇಷ್ಟು ಉದ್ದದ ವಾದಗಳು ಕಡಿಮೆ.

ಥಾಮಸ್ ಗ್ಲೈಕ್ಸ್‌ನರ್, ಅಲನ್ ಕಾಕ್ಸ್ ಥರದ ಹಿರಿಯರು ಒಪ್ಪಲಿಲ್ಲ. ಅವರ ಮಾತಿನ ತಿರುಳು ಇಷ್ಟು. ಕೆಟ್ಟದಾಗಿ ಬರೆದ ಆ್ಯಪ್ ಬ್ಯಾಟರಿ ತಿಂದರೆ ಆ್ಯಪ್ ಸರಿಮಾಡಿ, ಅದಕ್ಕಾಗಿ ಇಡೀ ಸಿಸ್ಟಮ್ ಮಲಗಿಸುವುದು ಯಾಕೆ? ಕೆಲಸವಿಲ್ಲದಾಗ ಪ್ರೊಸೆಸರ್ ತಾನೇ ಆಳವಾದ ವಿಶ್ರಾಂತಿಗೆ ಇಳಿಯಬಲ್ಲದು. ನೋಕಿಯಾ ಎನ್900 ಆ ದಾರಿಯಲ್ಲೇ ನಡೆಯುತ್ತಿತ್ತು, ಅದೂ ಲಿನಕ್ಸ್ ಫೋನೇ. ಗೂಗಲ್ ಕಡೆಯ ಉತ್ತರವೂ ನೇರವಾಗಿತ್ತು. ಮಾರ್ಕೆಟ್‌ನಿಂದ ಯಾರು ಬೇಕಾದರೂ ಯಾವ ಆ್ಯಪ್ ಬೇಕಾದರೂ ಹಾಕಿಕೊಳ್ಳುತ್ತಾರೆ. ಎಲ್ಲರೂ ಸರಿಯಾಗಿ ಬರೆಯುತ್ತಾರೆ ಅಂತ ನಂಬಿ ಫೋನ್ ಮಾರಲು ಆಗುವುದಿಲ್ಲ. ಸಿಸ್ಟಮ್ ಮಲಗಿದರೆ ಕೆಟ್ಟ ಆ್ಯಪ್ ಕೂಡ ಮಲಗುತ್ತದೆ. ಗೂಗಲ್‌ನವರಲ್ಲದ ಮ್ಯಾಥ್ಯೂ ಗ್ಯಾರೆಟ್ ಈ ವಾದವನ್ನು ತಾಳ್ಮೆಯಿಂದ ಬಿಡಿಸಿ ಬಿಡಿಸಿ ಹೇಳಿದರು.

ಕೊನೆಗೆ ಪ್ಯಾಚ್ ಒಳಗೆ ಹೋಗಲಿಲ್ಲ.

ಇಲ್ಲಿ ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಗೂಗಲ್ ತಂಡದ ತಪ್ಪು ಕೋಡ್‌ನಲ್ಲಿರಲಿಲ್ಲ, ಬಂದ ಹೊತ್ತಿನಲ್ಲಿತ್ತು. ಮನೆ ಕಟ್ಟಿ, ಗೃಹಪ್ರವೇಶ ಮುಗಿಸಿ, ಬಾಡಿಗೆದಾರರನ್ನೂ ಕೂರಿಸಿ ಆಮೇಲೆ ನಕ್ಷೆ ಹಿಡಿದುಕೊಂಡು ಬಂದಂತಾಯಿತು. ಈಗ ಗೋಡೆ ಸರಿಸಿ ಅಂದರೆ ಯಾರು ಸರಿಸುತ್ತಾರೆ? ಫೋನ್‌ಗಳು ಜನರ ಕೈಯಲ್ಲಿದ್ದವು, ಡ್ರೈವರ್‌ಗಳು ಅದೇ ಹೆಸರಿನ ಫಂಕ್ಷನ್ ಕರೆಯುತ್ತಿದ್ದವು. ಹಾಗಾಗಿ ಪ್ರತಿ ಸಲಹೆಯೂ ಅವರಿಗೆ ಹೊರೆಯಾಗಿಯೇ ಕಂಡಿರಬೇಕು. ಕರ್ನಲ್ ಬಳಗದ ಕಡೆಯೂ ಒಂದು ಕೊರತೆ ಇತ್ತು. 'ಈ ಪ್ಯಾಚ್ ಬೇಡ' ಅನ್ನುವುದರಲ್ಲಿ ಮುಳುಗಿ, ಪ್ಯಾಚ್ ಹಿಂದಿನ ತೊಂದರೆ ನಮ್ಮದೂ ಹೌದಾ ಅಂತ ಕೇಳಿಕೊಳ್ಳಲು ಬಹಳ ತಡಮಾಡಿದರು.

ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದವರು ರಫಾಯೆಲ್ ವಿಸೋಟ್ಸ್ಕಿ. ಲಿನಕ್ಸ್‌ನ ಸಸ್ಪೆಂಡ್ ಭಾಗ ನೋಡಿಕೊಳ್ಳುವವರು.

ಒಂದು ಸಂಖ್ಯೆಯ ಉಪಾಯ

ವಿಸೋಟ್ಸ್ಕಿ ವೇಕ್‌ಲಾಕ್ ಬೇಕೋ ಬೇಡವೋ ಅನ್ನುವುದನ್ನು ಪಕ್ಕಕ್ಕಿಟ್ಟರು. ಅದರೊಳಗಿನ ಗಂಟನ್ನು ಹುಡುಕಿದರು. ಗಂಟು ಇದು: ಸಿಸ್ಟಮ್ ಮಲಗಲು ಹೊರಟಿರುವ ಹೊತ್ತಿಗೇ ಎಬ್ಬಿಸುವ ಸುದ್ದಿ ಬಂದರೆ ಏನು ಮಾಡಬೇಕು? ಇದು ಫೋನ್‌ನ ಸಮಸ್ಯೆ ಮಾತ್ರ ಅಲ್ಲ. ಲ್ಯಾಪ್‌ಟಾಪ್ ಮಲಗುವಾಗ ನೆಟ್‌ವರ್ಕ್‌ನಿಂದ ಎಬ್ಬಿಸುವ ಪ್ಯಾಕೆಟ್ ಬಂದರೂ ಅದೇ ಕತೆ. ಸುದ್ದಿ ಸ್ವಲ್ಪ ಮುಂಚೆ ಬಂದರೆ ಎಲ್ಲರೂ ನೋಡುತ್ತಾರೆ, ಸ್ವಲ್ಪ ತಡವಾಗಿ ಬಂದರೆ ಎಚ್ಚರವಾಗುತ್ತದೆ, ಸರಿಯಾಗಿ ನಡುವೆ ಬಂದರೆ ಕಳೆದುಹೋಗುತ್ತದೆ.

ಅವರು ಹೂಡಿದ ಉಪಾಯ ಎಷ್ಟು ಸರಳ ಅಂದರೆ ಮೊದಲ ಸಲ ಓದಿದಾಗ ಇಷ್ಟೇನಾ ಅನ್ನಿಸಿತು. ಎಬ್ಬಿಸುವ ಸುದ್ದಿ ಬಂದಾಗಲೆಲ್ಲ ಕರ್ನಲ್ ಒಂದು ಲೆಕ್ಕ ಏರಿಸುತ್ತದೆ. ಆ ಲೆಕ್ಕ ವೇಕಪ್ ಕೌಂಟ್ ಎಂಬ ಫೈಲ್‌ನಲ್ಲಿ ಕಾಣುತ್ತದೆ. ಮಲಗಿಸಬೇಕು ಅನ್ನುವ ಪ್ರೋಗ್ರಾಂ ಮೊದಲು ಆ ಸಂಖ್ಯೆ ಓದುತ್ತದೆ. 417 ಅಂತ ಇಟ್ಟುಕೊಳ್ಳಿ. ಆಮೇಲೆ ತನ್ನ ಕಡೆ ಕೆಲಸ ಬಾಕಿ ಇದೆಯಾ ಅಂತ ನೋಡಿಕೊಂಡು, ಇಲ್ಲದಿದ್ದರೆ ಅದೇ ಫೈಲ್‌ಗೆ 417 ಅಂತ ವಾಪಸ್ ಬರೆಯುತ್ತದೆ. ಅಷ್ಟರಲ್ಲಿ ಲೆಕ್ಕ 418 ಆಗಿದ್ದರೆ ಬರೆಯುವುದು ಸೋಲುತ್ತದೆ. ಅಂದರೆ ನೀನು ನೋಡದ ಸುದ್ದಿ ಬಂದಿದೆ, ಹೋಗಿ ನೋಡು ಅಂತ. ಗೆದ್ದರೆ ಮಲಗು ಅನ್ನಬಹುದು. ಆಮೇಲೂ ಮಲಗುವ ದಾರಿಯಲ್ಲಿ ಯಾವುದಾದರೂ ಸುದ್ದಿ ಬಂದರೆ ಕರ್ನಲ್ ತಾನೇ ಅರ್ಧಕ್ಕೆ ನಿಲ್ಲಿಸುತ್ತದೆ. ಇನ್ನು ಯಾವುದಾದರೂ ಡ್ರೈವರ್ 'ನನ್ನ ಸುದ್ದಿ ಇನ್ನೂ ಕೈಯಲ್ಲಿದೆ' ಅನ್ನುತ್ತಿದ್ದರೆ, ಸಂಖ್ಯೆ ಓದುವುದೇ ಅಲ್ಲಿ ತನಕ ಕಾಯುತ್ತದೆ.

ಇದು 2010ರ ಅಕ್ಟೋಬರ್‌ನಲ್ಲಿ ಬಂದ 2.6.36ರಲ್ಲಿ ಸೇರಿತು. ಮುಂದಿನ ಆವೃತ್ತಿಯಲ್ಲಿ ವೇಕಪ್ ಸೋರ್ಸ್ ಎಂಬ ವಸ್ತು ಬಂತು. ಹತ್ತಿರದಿಂದ ನೋಡಿದರೆ ಅದು ಬಹುಮಟ್ಟಿಗೆ ವೇಕ್‌ಲಾಕೇ. ಹಿಡಿಯುತ್ತೀರಿ, ಬಿಡುತ್ತೀರಿ, ಯಾರು ಎಷ್ಟು ಹೊತ್ತು ಹಿಡಿದಿದ್ದರು ಅಂತ ಲೆಕ್ಕ ಸಿಗುತ್ತದೆ. ಆದರೆ ಅದು ಲ್ಯಾಪ್‌ಟಾಪ್‌ಗೂ ಸರ್ವರ್‌ಗೂ ಅರ್ಥವಾಗುವ ಮಾತಿನಲ್ಲಿ ಬಂದಿತ್ತು. ಹಾಗಾಗಿ ಮೊದಲಿನಂಥ ವಾದ ಆಗಲಿಲ್ಲ.

2011ರ ಅಕ್ಟೋಬರ್‌ನಲ್ಲಿ ಪ್ರಾಗ್ ನಗರದಲ್ಲಿ ಕರ್ನಲ್ ಶೃಂಗಸಭೆ ನಡೆಯಿತು. ಆಂಡ್ರಾಯ್ಡ್ ಕೋಡ್ ಕೋಟಿಗಟ್ಟಲೆ ಜನರ ಕೈಯಲ್ಲಿದೆ, ಅದನ್ನು ಇನ್ನೂ ಹೊರಗೆ ನಿಲ್ಲಿಸಿ ಪ್ರಯೋಜನವಿಲ್ಲ ಅನ್ನುವ ಕಡೆ ಅಲ್ಲಿ ಮನಸ್ಸು ವಾಲಿತು. ಟಿಮ್ ಬರ್ಡ್ ಆಂಡ್ರಾಯ್ಡ್ ಮೇನ್‌ಲೈನಿಂಗ್, ಅಂದರೆ ಆಂಡ್ರಾಯ್ಡ್ ಕೋಡನ್ನು ಮೂಲ ಕರ್ನಲ್‌ಗೆ ಸೇರಿಸುವ, ಯೋಜನೆ ಶುರುಮಾಡಿದರು. ಎರಡು ವರ್ಷದ ಹಿಂದೆ ಕೋಡ್ ತೆಗೆದುಹಾಕಿದ್ದ ಗ್ರೆಗ್ ಅವರೇ ಅದನ್ನು ಸ್ಟೇಜಿಂಗ್‌ಗೆ ವಾಪಸ್ ತಂದರು. 2012ರ ಮಾರ್ಚ್‌ನ 3.3ರಲ್ಲಿ ಬೈಂಡರ್ ಥರದವು ಮತ್ತೆ ಕಂಡವು, ಪ್ರೋಗ್ರಾಂಗಳು ಮೆಮೊರಿ ಹಂಚಿಕೊಳ್ಳಲು ಬಳಸುವ ಆಶ್‌ಮೆಮ್ ಕೂಡ ಜಗುಲಿಗೆ ಬಂತು. ಬ್ಯಾಟರಿಯ ಭಾಗ ಮಾತ್ರ ಬಾಕಿ ಇತ್ತು. ಅದು ಜುಲೈ 2012ರ 3.5ರಲ್ಲಿ ಬಂತು. ಯಾರೂ ಹಿಡಿಯದಿದ್ದಾಗ ತಾನಾಗಿ ಮಲಗುವ ಆಟೋಸ್ಲೀಪ್ ಬಂತು. ಮೇಲಿನ ಪ್ರೋಗ್ರಾಂಗಳು ಚೀಟಿ ಹಿಡಿಯಲು ಆಂಡ್ರಾಯ್ಡ್‌ನಲ್ಲಿದ್ದ ಅದೇ ಹೆಸರಿನ ಫೈಲ್‌ಗಳು ಬಂದವು. ಎರಡನ್ನೂ ಬರೆದವರು ವಿಸೋಟ್ಸ್ಕಿ.

ಆ 3.5ರಲ್ಲಿ ಇನ್ನೊಂದು ಪ್ಯಾಚ್ ಇದೆ, ನನಗೆ ತುಂಬ ಇಷ್ಟವಾದದ್ದು. ಈಪೋಲ್ ಎಂಬ ಸಿಸ್ಟಮ್ ಕಾಲ್‌ಗೆ ಒಂದು ಹೊಸ ಗುರುತು. ಸುದ್ದಿ ಸರದಿಯಲ್ಲಿದ್ದಾಗಿನಿಂದ ಪ್ರೋಗ್ರಾಂ ಅದನ್ನು ಎತ್ತಿಕೊಂಡು ಮುಗಿಸಿ ಮತ್ತೆ ಕಾಯಲು ಬರುವ ತನಕ ಸಿಸ್ಟಮ್ ಮಲಗದಂತೆ ಅದು ನೋಡಿಕೊಳ್ಳುತ್ತದೆ. ಕೊಡ ದಾಟಿಸುವ ಸಾಲಿನಲ್ಲಿ ಕರ್ನಲ್‌ಗೂ ಪ್ರೋಗ್ರಾಂಗೂ ನಡುವೆ ಇದ್ದ ಸಂದು ಅದರಿಂದ ಮುಚ್ಚಿತು. ಬರೆದವರು ಆರ್ವೆ ಯೊನ್ನೆವೋಗ್. ಮೂರು ವರ್ಷ ಬೇಡ ಬೇಡ ಅನ್ನಿಸಿಕೊಂಡವರು. ಅವರು ಬಿಟ್ಟು ಹೋಗಲಿಲ್ಲ ಅನ್ನುವುದು ನನಗೆ ಈಗಲೂ ದೊಡ್ಡ ಮಾತು.

ಗೂಗಲ್ ತನ್ನ ಕಡೆಯೂ ಜಾಣ ಕೆಲಸ ಮಾಡಿತು. ಅದರ 3.4 ಆಧಾರದ ಕರ್ನಲ್‌ನಲ್ಲಿ ವೇಕ್‌ಲಾಕ್ ಹೆಡರ್ ಫೈಲ್ ಉಳಿಯಿತು, ಒಳಗಿನ ಸರಕು ಮಾತ್ರ ಬದಲಾಯಿತು. ಹಳೆಯ ಹೆಸರಿನ ಫಂಕ್ಷನ್‌ಗಳು ಸದ್ದಿಲ್ಲದೆ ವೇಕಪ್ ಸೋರ್ಸ್ ಫಂಕ್ಷನ್‌ಗಳನ್ನು ಕರೆಯತೊಡಗಿದವು. ನಮ್ಮಂಥವರ ಹಳೆ ಡ್ರೈವರ್‌ಗಳು ಒಂದು ಸಾಲೂ ಬದಲಾಗದೆ ಹೊಸ ವ್ಯವಸ್ಥೆಗೆ ಬಂದುಬಿಟ್ಟವು.

ಉಳಿದ ಗಾಯ

ಕೋಡ್ ಸೇರಿತು. ಆದರೆ ಮೂರೂವರೆ ವರ್ಷದಲ್ಲಿ ಕೈಗೆ ಒಂದು ಅಭ್ಯಾಸ ಬಿದ್ದಿತ್ತು, ಅದು ಅಷ್ಟು ಬೇಗ ಹೋಗಲಿಲ್ಲ. ಹೇಗಿದ್ದರೂ ಒಳಗೆ ಹೋಗುವುದಿಲ್ಲ, ನಮ್ಮ ಗಿಟ್‌ನಲ್ಲೇ ಇರಲಿ ಅನ್ನುವ ಅಭ್ಯಾಸ. ಬೆಂಗಳೂರಿನಲ್ಲಿ ಚಿಪ್ ಕಂಪನಿಗಳಿಗೆ ಬೋರ್ಡ್ ಸಪೋರ್ಟ್ ಕೆಲಸ ಮಾಡುವವರ ಜತೆ ಚಹಾಕ್ಕೆ ಕೂತರೆ ಗೊತ್ತಾಗುತ್ತದೆ. ಮೂಲ ಕರ್ನಲ್‌ನ ದೀರ್ಘಾವಧಿ ಆವೃತ್ತಿ, ಅದರ ಮೇಲೆ ಗೂಗಲ್‌ನ ಕಾಮನ್ ಕರ್ನಲ್, ಅದರ ಮೇಲೆ ಚಿಪ್ ಕಂಪನಿಯದು, ಅದರ ಮೇಲೆ ಫೋನ್ ಕಂಪನಿಯದು. ಫೋರ್ಕ್‌ನ ಫೋರ್ಕ್‌ನ ಫೋರ್ಕ್. ಒಂದು ಫೋನ್‌ನಲ್ಲಿ ಓಡುವ ಕರ್ನಲ್ ಕೋಡ್‌ನ ಶೇ. 50ರಷ್ಟು ಭಾಗ ಮೂಲ ಲಿನಕ್ಸ್‌ನಲ್ಲೂ ಇಲ್ಲದೆ, ಆಂಡ್ರಾಯ್ಡ್ ಕಾಮನ್ ಕರ್ನಲ್‌ನಲ್ಲೂ ಇಲ್ಲದೆ ಇರಬಹುದು ಅಂತ ಗೂಗಲ್‌ನ ದಾಖಲೆಯೇ ಹೇಳಿದೆ. ಮೇಲೆ ಒಂದು ಭದ್ರತಾ ತೂತು ಮುಚ್ಚಿದರೆ ಅದು ನಾಲ್ಕು ಮೆಟ್ಟಿಲು ಇಳಿದು ನಿಮ್ಮ ಫೋನ್‌ಗೆ ಬರಬೇಕು. ಪ್ರತಿ ಮೆಟ್ಟಿಲಲ್ಲೂ ಒಬ್ಬ ಎಂಜಿನಿಯರ್ ಕಾನ್‌ಫ್ಲಿಕ್ಟ್, ಅಂದರೆ ಒಂದಕ್ಕೊಂದು ಹೊಂದದ ಬದಲಾವಣೆಗಳನ್ನು, ಬಿಡಿಸುತ್ತಾ ಕೂತಿರುತ್ತಾನೆ. ಆ ಜಾಗದಲ್ಲಿ ನಾನೂ ರಾತ್ರಿಗಟ್ಟಲೆ ಕೂತಿದ್ದೇನೆ. ಯಾರೋ ಬಿಟ್ಟುಹೋದ ಬದಲಾವಣೆ, ಯಾಕೆ ಮಾಡಿದರು ಅಂತ ಒಂದು ಸಾಲೂ ಬರೆದಿರುವುದಿಲ್ಲ. ತೆಗೆಯಲು ಭಯ, ಇಡಲು ಕಷ್ಟ.

ಈಗ ಗೂಗಲ್ ಇದನ್ನು ಬೇರೆ ದಾರಿಯಲ್ಲಿ ಕಟ್ಟಿಹಾಕುತ್ತಿದೆ. ಆಂಡ್ರಾಯ್ಡ್ 12ರ ಜತೆ 5.10 ಕರ್ನಲ್ ಇಟ್ಟುಕೊಂಡು ಬರುವ ಹೊಸ ಫೋನ್‌ಗಳಿಂದ ಎಲ್ಲರಿಗೂ ಒಂದೇ ತಿರುಳು ಕರ್ನಲ್, ಚಿಪ್ ಕಂಪನಿಗಳ ಕೋಡ್ ಬೇರೆ ಮಾಡ್ಯೂಲ್‌ಗಳಲ್ಲಿ. ತಿರುಳಿಗೆ ಏನಾದರೂ ಸೇರಿಸಬೇಕಾದರೆ ಮೊದಲು ಮೂಲ ಲಿನಕ್ಸ್‌ಗೆ ಕಳಿಸಿ ಅನ್ನುವುದು ಅವರ ನಿಯಮ. ಜಗುಲಿಯಲ್ಲಿದ್ದ ಹಳೆ ತುಂಡುಗಳದ್ದೂ ಒಂದೊಂದಾಗಿ ತೀರ್ಮಾನವಾಯಿತು. ಬೈಂಡರ್ 2015ರ 3.19ರಲ್ಲಿ ಜಗುಲಿ ದಾಟಿ ಒಳಗೆ ಬಂತು. ಲೋ ಮೆಮೊರಿ ಕಿಲ್ಲರ್ 2017ರಲ್ಲಿ 4.12ರಿಂದ ಹೊರಬಿತ್ತು, ಆ ಕೆಲಸ ಕರ್ನಲ್‌ನ ಹೊರಗಿನ ಪ್ರೋಗ್ರಾಂಗೆ ಹೋಯಿತು. ಆಶ್‌ಮೆಮ್ 2022ರಲ್ಲಿ 5.18ರಲ್ಲಿ ಹೋಯಿತು, ಅಷ್ಟರಲ್ಲಿ ಅದೇ ಕೆಲಸಕ್ಕೆ ಮೂಲ ಕರ್ನಲ್‌ನಲ್ಲೇ ಮೆಮ್‌ಎಫ್‌ಡಿ ಇತ್ತು. ಯಾವುದೂ ಬಂದ ರೂಪದಲ್ಲೇ ಉಳಿಯಬೇಕು ಅಂತ ಪಟ್ಟು ಹಿಡಿಯದಿದ್ದಾಗ ಎಷ್ಟು ಬೇಗ ದಾರಿ ತೆರೆಯುತ್ತದೆ ನೋಡಿ.

ನನ್ನ ಕೆಲಸದ ರೀತಿಯೂ ಬದಲಾಯಿತು. ಈಗ ಮೂಲ ಕರ್ನಲ್‌ನಲ್ಲಿ ಇಲ್ಲದ ಏನಾದರೂ ಬೇಕಾದರೆ ಕೋಡ್ ಬರೆಯುವ ಮೊದಲೇ ಅಲ್ಲಿನವರಿಗೆ ಒಂದು ಪತ್ರ ಹಾಕುತ್ತೇನೆ. ಪರಿಹಾರದ ಮಾತೇ ಇರುವುದಿಲ್ಲ. ಈ ಕೀ ಒತ್ತಿದಾಗ ಹೀಗಾಗುತ್ತಿದೆ, ನಿಮ್ಮಲ್ಲಿ ಯಾರಿಗಾದರೂ ಆಗಿದೆಯಾ ಅಂತ ಅಷ್ಟೇ. ಅರ್ಧದಷ್ಟು ಸಲ ಇದಕ್ಕೆ ಆಗಲೇ ದಾರಿ ಇದೆ ಅಂತ ಉತ್ತರ ಬರುತ್ತದೆ, ನಾನು ಬರೆಯಬೇಕಿದ್ದ ಪ್ಯಾಚೇ ಉಳಿಯುತ್ತದೆ. ಮ್ಯಾನೇಜರ್‌ಗಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ. ಫೋನ್ ಬಿಡುಗಡೆಗೆ ದಿನ ಎಣಿಸುತ್ತಿರುವಾಗ ಪತ್ರ ಬರೆದು ಕಾಯೋಣ ಅಂದರೆ ಯಾರು ಕೇಳುತ್ತಾರೆ? ಆಗ ನಾನು ನಾಲ್ಕು ಸಾಲಿನ ಕತೆ ಹೇಳುತ್ತೇನೆ.

ಆ ಕೀಪ್ಯಾಡ್ ಡ್ರೈವರ್ ಏನಾಯಿತು ಅಂದರೆ, ಎರಡು ಪ್ರತಿಗಳನ್ನೂ ಪಕ್ಕಪಕ್ಕ ತೆರೆದು ಎರಡು ದಿನ ಕೂತೆ. ಒಂದರಲ್ಲಿ ಮಾತ್ರ ಸರಿಯಾದ ಬಗ್‌ಗಳು ಮೂರು ಸಿಕ್ಕವು. ಅವನ್ನು ಒಗ್ಗೂಡಿಸಿ, ವೇಕ್‌ಲಾಕ್‌ನ ಸಾಲುಗಳನ್ನು ಅಳಿಸಿ, ಹಿಡಿಯುವ ಜಾಗದಲ್ಲಿ ಪಿಎಂ ಸ್ಟೇ ಅವೇಕ್, ಬಿಡುವ ಜಾಗದಲ್ಲಿ ಪಿಎಂ ರಿಲ್ಯಾಕ್ಸ್ ಎಂಬ ಮೂಲ ಕರ್ನಲ್‌ನ ಫಂಕ್ಷನ್‌ಗಳನ್ನು ಹಾಕಿದೆ. ಎರಡೂ ಕರ್ನಲ್‌ನಲ್ಲಿ ಬಿಲ್ಡ್ ಆಯಿತು. ಒಂದು ಪ್ರತಿಯನ್ನು ಡಿಲೀಟ್ ಮಾಡಿದೆ.

ಆಂಡ್ರಾಯ್ಡ್ 10ರಿಂದ ಫೋನ್ ಮಲಗಿಸುವ ಕೆಲಸ ಸಿಸ್ಟಮ್ ಸಸ್ಪೆಂಡ್ ಎಂಬ ಸೇವೆಯದು. ಅದು ಆ ವೇಕಪ್ ಕೌಂಟ್ ಫೈಲ್ ಓದುತ್ತದೆ, ಅದೇ ಸಂಖ್ಯೆ ವಾಪಸ್ ಬರೆಯುತ್ತದೆ, ಗೆದ್ದರೆ ಮಲಗಿಸುತ್ತದೆ. ನಿಮ್ಮ ಜೇಬಿನಲ್ಲಿರುವ ಫೋನ್ ಇದನ್ನು ಓದುವಷ್ಟರಲ್ಲಿ ಎಷ್ಟು ಸಲ ಮಾಡಿತೋ.